ಸೋಂದೆ ಅರಮನೆ ಎಲ್ಲಿ ಹೋಯ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಮನೆ ಇದ್ದವರಿಗೆ ನೆಂಟರ ಗಲಾಟೆ ಗೊತ್ತೇ ಇರುತ್ತದೆ. ರಜೆ ಬಂತೆಂದರೆ ಬೆಂಗಳೂರಿಂದ ಎರಡು ಕಾರು. ಮೊದಲ ದಿನ ಮಾರಿಕಾಂಬೆ, ಎರಡನೇ ದಿನ ಬನವಾಸಿ, ಮೂರನೇ ದಿನ ಸಹಸ್ರಲಿಂಗ. ಅಲ್ಲಿಂದ ಸೋಂದೆ, ಹಿಂದೆ ನಾಯಕ ಅರಸರ ರಾಜಧಾನಿ ಆಗಿದ್ದ ಊರು. ಮಠಕ್ಕೆ ಹೋಗಿ, ಊಟ ಮುಗಿಸಿ, ಕೋಟೆಗೆ ಬಂದ ಮೇಲೆ ಶುರು ನೋಡಿ, "ಅರಮನೆ ಎಲ್ಲಿ?" ಇಷ್ಟು ವರ್ಷ ಬಾಯಲ್ಲೇ ಹೇಳಿ ಹೇಳಿ ಸಾಕಾಗಿ, ಈಗ ಬರೆದಿಟ್ಟಿದ್ದೇನೆ. ಕಾರಲ್ಲಿ ಬರುವಾಗಲೇ ಓದಿಕೊಳ್ಳಿ.

ಸೋಂದೆಯಲ್ಲಿ ಅರಮನೆ ಇದೆಯಾ, ಇಲ್ವಾ?

ಇಲ್ಲ. ಕೋಟೆಯ ಗೋಡೆ ಅಲ್ಲಲ್ಲಿ ಇದೆ. ಕಲ್ಲು ಕಟ್ಟಿದ ಕೆರೆಗಳಿವೆ. ಹಳೆಯ ತೋಪುಗಳಿವೆ, ಅಂದರೆ ಫಿರಂಗಿಗಳು. ದೊಡ್ಡದೊಂದು ಕಲ್ಲಿನ ಮಂಚ ಇದೆ. ಅರಮನೆ ಮಾತ್ರ ಇಲ್ಲ. ಇದು ಇವತ್ತು ನಿನ್ನೆಯ ಕಥೆ ಅಲ್ಲ. 1883ರಲ್ಲಿ ಬ್ರಿಟಿಷರು ಅಚ್ಚು ಹಾಕಿಸಿದ ಜಿಲ್ಲಾ ಗೆಜೆಟಿಯರ್‌ನಲ್ಲೇ ಬರೆದಿದ್ದಾರೆ, ಆ ಒಂದು ಕಲ್ಲು ಬಿಟ್ಟರೆ ಸೋಂದೆ ಅರಸರ ಅರಮನೆಯ ಕುರುಹೂ ಉಳಿದಿಲ್ಲ ಎಂದು. ಅಂದರೆ ನಮ್ಮ ಅಜ್ಜನ ಅಜ್ಜ ಹೋಗಿದ್ದರೂ ಇದೇ ಪ್ರಶ್ನೆ ಕೇಳುತ್ತಿದ್ದ.

ಸೋಂದಾ, ಸೋಂದೆ, ಸೋದೆ, ಸ್ವಾದಿ. ಎಲ್ಲ ಒಂದೇ ಊರಾ?

ಒಂದೇ. ಬಸ್ಸಿನ ಬೋರ್ಡಿನಲ್ಲಿ ಸೋಂದಾ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ವಾದಿರಾಜ ಮಠದವರಿಗೆ ಸೋದೆ. ಜೈನ ಮಠದವರಿಗೆ ಸ್ವಾದಿ. ಸಂಸ್ಕೃತದಲ್ಲಿ ಬರೆಯುವವರಿಗೆ ಸುಧಾಪುರ. ಇಂಗ್ಲಿಷರು ಸೂಂಡಾ ಎಂದರು. ಗೋವಾದ ಕಡೆ ಇವತ್ತಿಗೂ ಸೌಂದೆ. ಊರು ಈಗ ಚಿಕ್ಕದು, ಹೆಸರು ಮಾತ್ರ ಜಾಸ್ತಿ.

ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದು ಹೋಗಬೇಕು. ಸುಮಾರು 20 ಕಿಲೋಮೀಟರ್.

ಅಲ್ಲಿ ಆಳಿದವರು ಯಾರು?

ಸೋಂದೆ ನಾಯಕರು. ವಿಜಯನಗರದ ಕೊನೆಗಾಲದಲ್ಲಿ ತಲೆ ಎತ್ತಿದ ಮನೆತನ. ಮೊದಲಿಗ ಅರಸಪ್ಪ ನಾಯಕ, ಆಳಿದ್ದು 1555ರಿಂದ 1598. ವಾದಿರಾಜ ಸ್ವಾಮಿಗಳಿಗೆ ಸೋಂದೆಯಲ್ಲಿ ನೆಲೆ ಕೊಟ್ಟವನು ಇವನೇ. ಆಮೇಲೆ ರಾಮಚಂದ್ರ ನಾಯಕ, ರಘುನಾಥ ನಾಯಕ, ಮಧುಲಿಂಗ ನಾಯಕ. 1674ಕ್ಕೆ ಸದಾಶಿವರಾಯ. ಅವನ ಮಗ ಬಸವಲಿಂಗ 1697ರಿಂದ 1745ರವರೆಗೆ. ಕೊನೆಗೆ ಇಮ್ಮಡಿ ಸದಾಶಿವ. ಒಟ್ಟು ಏಳು ಜನ, ಇನ್ನೂರು ವರ್ಷ.

ಇವರೇನು ಚಕ್ರವರ್ತಿಗಳಲ್ಲ. ಒಂದು ಕಡೆ ಬಿಜಾಪುರದ ಸುಲ್ತಾನರು, ಇನ್ನೊಂದು ಕಡೆ ಕೆಳದಿ ನಾಯಕರು, ಮೇಲಿಂದ ಮರಾಠರು, ಕಡಲ ಕಡೆ ಪೋರ್ಚುಗೀಸರು. ನಾಲ್ಕೂ ದಿಕ್ಕಿನವರಿಗೆ ನಮಸ್ಕಾರ ಹಾಕಿಕೊಂಡು, ಕಪ್ಪ ಕೊಟ್ಟುಕೊಂಡು ಇನ್ನೂರು ವರ್ಷ ಉಳಿದರಲ್ಲ, ಅದೇ ದೊಡ್ಡ ಸಾಹಸ ಎಂದು ನನಗನ್ನಿಸುತ್ತದೆ.

ಕಾಡಿನ ಮಧ್ಯೆ ಅರಮನೆ ಕಟ್ಟುವಷ್ಟು ದುಡ್ಡು ಎಲ್ಲಿಂದ ಬಂತು?

ಕಾಳುಮೆಣಸು. ಅಡಕೆ ತೋಟಕ್ಕೆ ಹೋದರೆ ಮರಕ್ಕೆ ಹಬ್ಬಿದ ಬಳ್ಳಿ ಕಾಣುತ್ತದಲ್ಲ, ಅದೇ. ಸೋಂದೆ ಸೀಮೆಯ ಮೆಣಸಿಗೆ ಯುರೋಪಿನವರೆಗೂ ಹೆಸರಿತ್ತು. 1638ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಎಂಬ ವ್ಯಾಪಾರಿಯ ಕಂಪನಿ ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದ್ದೇ ಈ ಮೆಣಸಿನ ಆಸೆಗೆ. ಆಗಿನ ಕಾರವಾರ ಎಂದರೆ ಈಗಿನ ಪೇಟೆ ಅಲ್ಲ. ಕಾಳಿ ನದಿಯ ಒಳಗೆ ಕಡವಾಡದ ಹತ್ತಿರದ ಹಳೆ ಊರು. ಮೆಣಸಿನ ಜೊತೆಗೆ ಹುಬ್ಬಳ್ಳಿ ಕಡೆಯ ತೆಳು ಬಟ್ಟೆಯೂ ಅದೇ ಬಂದರಿನಿಂದ ಹೋಗುತ್ತಿತ್ತು.

ಘಟ್ಟದ ಮೇಲೆ ಬೆಳೆ, ಘಟ್ಟದ ಕೆಳಗೆ ಬಂದರು. ಎರಡೂ ಕೈಯಲ್ಲಿದ್ದ ಅರಸನಿಗೆ ದುಡ್ಡಿಗೇನು ಬರ?

ಸೋಂದೆಯಲ್ಲಿ ಒಂದು ಲಕ್ಷ ಮನೆ ಇದ್ದವಂತೆ, ಹೌದಾ?

ಹಾಗೆ ಹೇಳುತ್ತಾರೆ. ಊರಿಗೆ ಮೂರು ಸುತ್ತಿನ ಕೋಟೆ ಇತ್ತು. ಹೊರಗಿನ ಗೋಡೆ ಈಗಿನ ಊರಿಂದ ಆರು ಮೈಲಿ ದೂರ. ಒಳಗಿನ ಸುತ್ತು ಅತ್ತ ಮೂರು ಮೈಲಿ, ಇತ್ತ ಮೂರು ಮೈಲಿ. ಅದರ ತುಂಬ ಮನೆ. ಹೊರಗಿನ ಎರಡು ಸುತ್ತಿನಲ್ಲಿ ಮನೆಗಳು ಗುಂಪು ಗುಂಪಾಗಿ, ನಡುವೆ ತೋಟ. ಗೆಜೆಟಿಯರ್‌ನವರು ಬರೆದುಕೊಂಡ ಊರ ಮಾತು ಇದು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಮೂರು ಮೈಲಿಗೆ ಮೂರು ಮೈಲಿ ಎಂದರೆ 5,760 ಎಕರೆ. ಲಕ್ಷ ಮನೆ ಅದರಲ್ಲಿ ಕೂರಬೇಕೆಂದರೆ ಎಕರೆಗೆ 17 ಮನೆ. ಒಂದು ಮನೆಗೆ ಎರಡೂಕಾಲು ಗುಂಟೆ. ಅದೂ ರಸ್ತೆ, ಕೆರೆ, ದೇವಸ್ಥಾನ, ಗುಡ್ಡ ಯಾವುದಕ್ಕೂ ಜಾಗ ಕಳೆಯದೆ ಹಾಕಿದ ಲೆಕ್ಕ. ನಮ್ಮ ಕಡೆ ಅಂಗಳಕ್ಕೇ ಅಷ್ಟು ಬೇಕು, ಮತ್ತೆ ಕೊಟ್ಟಿಗೆ ಎಲ್ಲಿ ಕಟ್ಟೋದು? ಹಾಗಾಗಿ ಲಕ್ಷ ಎನ್ನುವುದನ್ನು "ತುಂಬಾ" ಎಂದು ಓದಿಕೊಳ್ಳಿ. ಆದರೆ ದೊಡ್ಡ ಊರು ಎನ್ನುವುದು ಸುಳ್ಳಲ್ಲ. ಇವತ್ತು ಕಾಡು ಎಂದುಕೊಂಡು ನಡೆಯುವ ಜಾಗದಲ್ಲಿ ಕಾಲಿಗೆ ಪಾಯದ ಕಲ್ಲು ಸಿಗುತ್ತದೆ.

ಅರಮನೆ ಹೇಗಿತ್ತು? ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂದಿತ್ತು.

ಆ ಚಿತ್ರ ನನಗೂ ಬಂದಿದೆ. ಬಂಗಾರದ ಗುಮ್ಮಟ, ಮುಂದೆ ಆನೆ, ಹಿಂದೆ ಹಿಮದ ಬೆಟ್ಟ. ಶಿರಸಿ ತಾಲೂಕಿನಲ್ಲಿ ಹಿಮ! ಕಂಪ್ಯೂಟರ್ ಬರೆದದ್ದು, ಅಳಿಸಿಬಿಡಿ.

ಉಳಿದ ಕಲ್ಲು ನೋಡಿಯೇ ಒಂದಷ್ಟು ಹೇಳಬಹುದು. ಕೋಟೆ ಬಾಗಿಲಿನ ನಿಲುವುಗಂಬಗಳು ಒಂದೊಂದೂ ಒಂದೇ ಕಲ್ಲಿನವು, 14ರಿಂದ 16 ಅಡಿ ಉದ್ದ. ಕೆರೆಗಳ ಬದಿಗೆ ಕೂರಿಸಿದ ಕಲ್ಲುಗಳೂ ದೊಡ್ಡವು, ಚೆನ್ನಾಗಿ ನಯ ಮಾಡಿದವು. ಅಂಥ ಕಲ್ಲುಕುಟಿಗರು ಇದ್ದ ಊರು ಅದು. ಅಂದಮೇಲೆ ಅರಮನೆ ಪೂರ್ತಿ ಕಲ್ಲಿನದಾಗಿದ್ದರೆ ಇಷ್ಟು ಸುಲಭಕ್ಕೆ ಮಾಯ ಆಗುತ್ತಿರಲಿಲ್ಲ ಅಲ್ವಾ? ನನ್ನ ಊಹೆ ಇಷ್ಟೇ. ಕೆಳಗೆ ಕಲ್ಲಿನ ಜಗುಲಿ, ಮೇಲೆ ಮರದ ಕಂಬ, ಮರದ ಮಾಳಿಗೆ, ಮಣ್ಣಿನ ಗೋಡೆ. ನಮ್ಮ ಸೀಮೆಯ ದೊಡ್ಡ ಮನೆಗಳು ಇದ್ದದ್ದೇ ಹಾಗೆ. ಅರಸನ ಮನೆಯಲ್ಲಿ ಕಂಬ ದಪ್ಪ, ಕೆತ್ತನೆ ಜಾಸ್ತಿ.

ಆ ಕಲ್ಲು ಮಂಚವೋ, ಸಿಂಹಾಸನವೋ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಯಾಕೆಂದರೆ ಅರಮನೆಯಿಂದ ಉಳಿದದ್ದು ಅಂತ ಬೆರಳು ತೋರಿಸಲು ಇರುವುದು ಇದೊಂದೇ.

ಕಪ್ಪು ಕಲ್ಲಿನ ಒಂದೇ ಹಾಸು. ಚಚ್ಚೌಕ, ಒಂದೊಂದು ಬದಿ 12 ಅಡಿ. ದಪ್ಪ ಆರು ಇಂಚು. ಕೆಳಗೆ ಐದು ಕುಳ್ಳ ಕಂಬ, ಮೂರಡಿ ಎತ್ತರದವು, ತುಂಬ ಕೆತ್ತನೆ ಮಾಡಿದವು. ಮೇಲ್ಮೈ ಎಷ್ಟು ಮಟ್ಟಸ ಎಂದರೆ, ಮಳೆ ಬಿದ್ದ ಮೇಲೆ ನೀರು ಒಂದು ಕಡೆ ಓಡುವುದಿಲ್ಲ. ತೆಳ್ಳಗೆ ಹರಡಿಕೊಂಡು ನಿಲ್ಲುತ್ತದೆ. ಒಂದು ಜುಲೈನಲ್ಲಿ ನೋಡಿದ್ದೆ. ಆ ನೀರಿನಲ್ಲಿ ಮೇಲಿನ ಮರದ ಎಲೆ ಒಂದೊಂದಾಗಿ ಎಣಿಸಬಹುದಿತ್ತು. ಕೆಳಗೆ ಬಗ್ಗಿ ಕೈಯಾಡಿಸಿದರೆ ಅಂಗೈಗೆ ಉಳಿಯ ಏಟಿನ ಗುರುತು ಸಣ್ಣಗೆ ತಾಗುತ್ತದೆ. ಯಾರಿಗೂ ಕಾಣದ ಬದಿ ಅದು. ಅಲ್ಲಿ ಅಷ್ಟು ನಯ ಮಾಡುವ ಅಗತ್ಯ ಇರಲಿಲ್ಲ, ಮಾಡಿಲ್ಲ.

ತೂಕ ಲೆಕ್ಕ ಹಾಕಿ ನೋಡಿದೆ. ಹತ್ತಿರ ಹತ್ತಿರ ಆರು ಟನ್ ಆಗುತ್ತದೆ. ಇಡೀ ಅರಮನೆಯಲ್ಲಿ ಇದೊಂದೇ ಯಾಕೆ ಉಳಿಯಿತು ಎನ್ನುವುದಕ್ಕೆ ಉತ್ತರ ಅದರಲ್ಲೇ ಇದೆ. ಹೊತ್ತುಕೊಂಡು ಹೋಗುವವರು ಯಾರು?

ಇನ್ನು ಮಂಚವೋ ಸಿಂಹಾಸನವೋ ಎನ್ನುವುದು. 1883ರಲ್ಲಿ ಊರವರು ಇದನ್ನು ಸಿಂಹಾಸನ ಎನ್ನುತ್ತಿದ್ದರು. ಈಗ ಎಲ್ಲರೂ ಮಂಚ ಎನ್ನುತ್ತಾರೆ. ರಾಜ ಇಲ್ಲದೆ ತುಂಬ ದಿನ ಆದ ಮೇಲೆ ಸಿಂಹಾಸನ ಮಂಚ ಆಗುತ್ತದೆ ಎಂದು ಕಾಣುತ್ತದೆ. ನನಗೆ ಮಂಚದ ಮಾತು ಒಪ್ಪಿಗೆ ಇಲ್ಲ. ಸೋಂದೆಯ ಮಳೆಗಾಲದಲ್ಲಿ ಕರಿಕಲ್ಲಿನ ಮೇಲೆ ಮಲಗಿದವನಿಗೆ ಬೆಳಿಗ್ಗೆ ಏಳಲು ಆಗಲಿಕ್ಕಿಲ್ಲ. ಗಾದಿ ಹಾಸಿ, ದಿಂಬಿಟ್ಟು, ಅರಸ ಕುಳಿತು ಜನರನ್ನು ನೋಡುವ ಕಟ್ಟೆ ಆಗಿದ್ದಿರಬೇಕು. ದಯವಿಟ್ಟು ಅದರ ಮೇಲೆ ಚಪ್ಪಲಿ ಹಾಕಿಕೊಂಡು ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ನಮ್ಮ ಭಾವನವರಿಗೇ ಎರಡು ಸಲ ಹೇಳಬೇಕಾಯ್ತು.

ಅರಮನೆ ಹಾಳು ಮಾಡಿದ್ದು ಹೈದರಾಲಿ ಅಲ್ವಾ?

ಮುಖ್ಯ ಪೆಟ್ಟು ಅವನದ್ದೇ. ಆದರೆ ಮೊದಲ ಪೆಟ್ಟು ಅಲ್ಲ. 1682ರಲ್ಲಿ ಸಂಭಾಜಿಯ ದಂಡು ಸೋಂದೆ ಮೇಲೆ ಬಂದಿತ್ತು. ಆಮೇಲೆ ಮರಾಠರು ಬರೋದು, ಹಣ ಕೇಳೋದು, ಹೋಗೋದು ನಡೆದೇ ಇತ್ತು. ಇಮ್ಮಡಿ ಸದಾಶಿವನ ಕಾಲಕ್ಕೆ ಖಜಾನೆ ಬರಿದಾಗುವಷ್ಟು.

1763ರ ಶುರುವಿನಲ್ಲಿ ಹೈದರ್ ಬಿದನೂರು ತೆಗೆದುಕೊಂಡ. ಕೆಳದಿ ನಾಯಕರ ಕಥೆ ಅಲ್ಲಿಗೆ ಮುಗಿಯಿತು. ಬಿದನೂರು ಹೋದ ಮೇಲೆ ಸೋಂದೆ ಎಷ್ಟು ದಿನ? ಅದೇ ವರ್ಷದ ಕೊನೆಗೆ ಅವನ ಸರದಾರ ಫಜಲುಲ್ಲಾ ಖಾನ್ ದಂಡು ತಂದ. ರಾಜ ಮನೆಮಂದಿಯನ್ನು ಕಟ್ಟಿಕೊಂಡು ಘಟ್ಟ ಇಳಿದು ಗೋವಾ ಸೇರಿದ. ಊರು ಸೂರೆ ಹೋಯಿತು.

ಆದರೂ "ಹೈದರ್ ಬಂದ, ಅರಮನೆ ಹೋಯಿತು" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ ನನಗೆ ಸಮಾಧಾನ ಇಲ್ಲ. ದಂಡು ಸುಡುತ್ತದೆ, ಒಡೆಯುತ್ತದೆ, ಮುಂದೆ ಹೋಗುತ್ತದೆ. ಉಳಿದ ಕೆಲಸ ಯಾರದ್ದು? ಮುಂದಿನ ಪ್ರಶ್ನೆ ನೋಡಿ.

ಮಠಗಳು ಉಳಿದವು, ಅರಮನೆ ಯಾಕೆ ಉಳಿಯಲಿಲ್ಲ?

ನನಗೆ ಅತಿ ಇಷ್ಟದ ಪ್ರಶ್ನೆ ಇದು. ಒಬ್ಬಳು ಹೈಸ್ಕೂಲ್ ಹುಡುಗಿ ಕೇಳಿದ್ದು.

ನೋಡಿ, ಅದೇ ಸೋಂದೆಯಲ್ಲಿ ವಾದಿರಾಜ ಮಠ ಇದೆ. ತ್ರಿವಿಕ್ರಮ ದೇವಸ್ಥಾನ ಇದೆ. ವಾದಿರಾಜರ ವೃಂದಾವನ ಇದೆ, ಪಕ್ಕದಲ್ಲೇ ಧವಳಗಂಗೆ ಕೊಳ. ಸ್ವರ್ಣವಲ್ಲಿ ಮಠ ಇದೆ. ಸ್ವಾದಿ ಜೈನ ಮಠ ಇದೆ. ಎಲ್ಲವೂ ಅರಮನೆಯ ಕಾಲದವೇ. ದಂಡು ಬಂದದ್ದು ಇಡೀ ಊರಿಗೆ. ಆದರೆ ಇಲ್ಲೆಲ್ಲ ಬೆಳಿಗ್ಗೆ ಎದ್ದು ದೀಪ ಹಚ್ಚುವವರು ಇದ್ದರು. ಮಳೆಗಾಲದ ಮುಂಚೆ ಹಂಚು ಕೈಯಾಡಿಸುವವರು ಇದ್ದರು. ಅರಮನೆಗೆ ಯಾರಿದ್ದರು?

ನಮ್ಮ ಸೀಮೆಯಲ್ಲಿ ಮಳೆ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು. ಖಾಲಿ ಮನೆಗೆ ಅದು ಏನು ಮಾಡುತ್ತದೆ ಎನ್ನುವುದನ್ನು ನಾನು ನಮ್ಮ ದೊಡ್ಡಜ್ಜನ ಮನೆಯಲ್ಲೇ ನೋಡಿದ್ದೇನೆ. ಅಜ್ಜ ಹೋದ, ಮಕ್ಕಳು ಪೇಟೆಯಲ್ಲಿ, ಬಾಗಿಲಿಗೆ ಬೀಗ. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದರಲ್ಲಿ ಮಂಗ ಹಾರಿ ಒಂದು ಹಂಚು ಜಾರಿತು. ಒಂದೇ ಒಂದು. ಆ ಜಾಗದಲ್ಲಿ ರೀಪು ನೆನೆಯಿತು. ಮೂರನೇ ವರ್ಷ ಒರಲೆ, ಅಂದರೆ ಗೆದ್ದಲು, ಮಾಡಿನ ಪಕಾಸಿ ಹತ್ತಿತು. ನಾಲ್ಕನೇ ವರ್ಷ ಮಾಡಿನ ಒಂದು ಮೂಲೆ ಕೂತಿತು, ಮಣ್ಣಿನ ಗೋಡೆಗೆ ನೇರ ನೀರು. ಆಮೇಲೆ ಗೋಡೆ ಬೀಳಲಿಲ್ಲ, ಕರಗಿತು. ಬೆಲ್ಲದ ಅಚ್ಚು ಕರಗಿದ ಹಾಗೆ. ಒಳ್ಳೆಯ ಕಂಬ ನಾಲ್ಕು ಉಳಿದಿದ್ದವು, ಅವನ್ನು ಯಾರೋ ಒಯ್ದರು. ಈಗ ಅಲ್ಲಿ ಇರುವುದು ಮೆಟ್ಟಿಲು ಕಲ್ಲು, ಒರಳುಕಲ್ಲು, ತುಳಸಿಕಟ್ಟೆ. ಒಂದು ಗಂಡಾಂತರ ಇಲ್ಲ, ಯುದ್ಧ ಇಲ್ಲ. ಹತ್ತು ವರ್ಷ ಸಾಕಾಯಿತು.

ಸೋಂದೆ ಅರಮನೆಗೆ ಸಿಕ್ಕಿದ್ದು ಇನ್ನೂರ ಅರವತ್ತು ಮಳೆಗಾಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೀಮೆ ನೋಡಲು ಹೊರಟ ಫ್ರಾನ್ಸಿಸ್ ಬುಕಾನನ್ ಈ ಕಡೆ ಬಂದಾಗಲೇ ಊರು ಹಾಳುಬಿದ್ದಿತ್ತು.

ನಮ್ಮ ಮನೆಯ ಕಂಬ ಸೋಂದೆ ಅರಮನೆಯದ್ದಂತೆ. ನಿಜ ಇರಬಹುದಾ?

ಇರಬಹುದು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಈ ಮಾತು ಹೇಳುವ ಮನೆಗಳ ಕಂಬಗಳನ್ನೆಲ್ಲ ಒಟ್ಟು ಹಾಕಿದರೆ ಮೈಸೂರು ಅರಮನೆಗಿಂತ ದೊಡ್ಡದು ಕಟ್ಟಬಹುದು. ನಮ್ಮ ಅತ್ತೆ ಮನೆಯ ಜಗುಲಿಯಲ್ಲೂ ಅಂಥದ್ದೊಂದು ಇದೆ. ಅತ್ತೆಯನ್ನು ಕೇಳಿದರೆ, "ಅರಮನೇದೋ ಎಂತದೋ, ಒರಲೆ ಹಿಡಿದ್ದಿಲ್ಲೆ, ಅಷ್ಟೇ ಸಾಕು" ಎನ್ನುತ್ತಾಳೆ.

ರಾಜ ಗೋವಾಕ್ಕೆ ಹೋದ ಮೇಲೆ ಏನಾದ?

ಪೋರ್ಚುಗೀಸರ ಆಶ್ರಯ. ಸುಮ್ನೆ ಕೊಡುತ್ತಾರಾ? ಘಟ್ಟದ ಕೆಳಗಿನ ಸೋಂದೆ ಸೀಮೆ ಅವರ ಕೈಗೆ ಹೋಯಿತು. ಫೋಂಡಾ, ಕೇಪೆ, ಕಾಣಕೋಣ, ಕಾಬೋ ದಿ ರಾಮ ಕೋಟೆ. ಗೋವಾದ ನಕ್ಷೆಯಲ್ಲಿ "ಹೊಸ ಗೆಲುವು" ಎಂದು ಕರೆಯುವ ಭಾಗದಲ್ಲಿ ದೊಡ್ಡ ಪಾಲು ಇದು. 1791ರಲ್ಲಿ ಕಾಗದ ಪತ್ರವೂ ಆಯಿತು. ಅರಸನ ಮನೆತನಕ್ಕೆ ವರ್ಷಾಶನ ನಿಗದಿಯಾಯಿತು. ಅವರು ಫೋಂಡಾ ಹತ್ತಿರ ಬಾಂದೋಡೆಯ ನಾಗೇಶಿಯಲ್ಲಿ ನೆಲೆಸಿದರು. ಅಲ್ಲಿ ಅವರನ್ನು ಸೌಂದೇಕರ್ ಎನ್ನುತ್ತಾರೆ.

ಇದರಲ್ಲಿ ಒಂದು ವಿಷಯ ನಮ್ಮವರು ಗಮನಿಸುವುದೇ ಇಲ್ಲ. ಗೋವಾದಲ್ಲಿ ತಾವು ಮೊದಲು ಹಿಡಿದ ಭಾಗದಲ್ಲಿ ಪೋರ್ಚುಗೀಸರು ದೇವಸ್ಥಾನ ಒಡೆದ ಕಾಲದಲ್ಲಿ ಮಂಗೇಶ, ಶಾಂತಾದುರ್ಗೆ, ಮಹಾಲಸೆಯನ್ನೆಲ್ಲ ಹೊತ್ತು ತಂದದ್ದು ಫೋಂಡಾ ಸೀಮೆಗೆ. ಆ ಸೀಮೆ ಮುಂದೆ ಸೋಂದೆಯವರದಾಯಿತು. ಕೊನೆಗೆ ಪೋರ್ಚುಗೀಸರ ಕೈಗೆ ಹೋಗುವಾಗ ಅಲ್ಲಿನ ದೇವಸ್ಥಾನಗಳನ್ನು ಮುಟ್ಟುವುದಿಲ್ಲ ಎಂಬ ಮಾತಾಗಿತ್ತು. ಮುಟ್ಟಲಿಲ್ಲ ಕೂಡ. ಮುಂದಿನ ಸಲ ಮಂಗೇಶಿಗೆ ಹೋದಾಗ ನೆನಪಿಟ್ಟುಕೊಳ್ಳಿ.

ಕಾರವಾರದ ಸದಾಶಿವಗಡಕ್ಕೂ ಸೋಂದೆಗೂ ಏನು ಸಂಬಂಧ?

ಹೆಸರೇ ಸಂಬಂಧ. ಬಸವಲಿಂಗರಾಜ ಕಾಳಿ ನದಿ ಬಾಯಲ್ಲಿದ್ದ ಗುಡ್ಡದ ಕೋಟೆಗೆ ತನ್ನ ಅಪ್ಪ ಸದಾಶಿವನ ಹೆಸರಿಟ್ಟ. ಅದೂ ಈಗ ಪಾಳು. ಬಂದರಿಗೆ ಬರುವ ಹಡಗಿನ ಮೇಲೆ ಕಣ್ಣಿಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆ ಗುಡ್ಡದ ಬುಡಕ್ಕೇ ಕಾಳಿ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿದು ಲಾರಿ ನದಿಗೆ ಬಿತ್ತಲ್ಲ, ಅದೇ ಜಾಗ. ಚಾಲಕ ಬದುಕಿದ, ಪುಣ್ಯ. ನಲವತ್ತು ಚಿಲ್ಲರೆ ವರ್ಷದ ಕಾಂಕ್ರೀಟು ಬಿತ್ತು, ಮೇಲೆ ಗುಡ್ಡದಲ್ಲಿ ಮುನ್ನೂರು ವರ್ಷದ ಚಿರೆಕಲ್ಲಿನ ತುಂಡು ಗೋಡೆ ಇನ್ನೂ ನಿಂತಿದೆ.

ಕೋಟೆಯಲ್ಲಿ ನಿಧಿ ಇದೆಯಾ?

ಇಲ್ಲ. ಮನೆಮಂದಿಯನ್ನು ಕರೆದುಕೊಂಡು ಹೋದವನು ಬಂಗಾರ ಬಿಟ್ಟು ಹೋಗುತ್ತಾನಾ? ರಾತ್ರಿ ಗುದ್ದಲಿ ತಂದು ಅಗೆಯುವವರು ಹುಡುಕುವುದು ನಿಧಿ, ಕೆಡಿಸುವುದು ಪಾಯ. ನಿಜವಾದ ನಿಧಿ ಬೇಕಿದ್ದರೆ ಕಾಳುಮೆಣಸಿನ ಈಗಿನ ದರ ನೋಡಿ.

ಅರಮನೆ ಮತ್ತೆ ಕಟ್ಟಬಹುದಲ್ಲ? ಪ್ರವಾಸಿಗರು ಬರ್ತಾರೆ.

ಬೇಡ. ಯಾವುದರ ಹಾಗೆ ಕಟ್ಟುವುದು? ವಾಟ್ಸಾಪ್ ಚಿತ್ರದ ಹಾಗಾ? ಸಿಮೆಂಟಿನ ಕಮಾನು ಕಟ್ಟಿ, ಬಣ್ಣ ಹಚ್ಚಿ, ಟಿಕೆಟ್ ಇಟ್ಟರೆ ಅದು ರೆಸಾರ್ಟ್ ಆಗುತ್ತದೆ. ಅದರ ಬದಲು ಗೋಡೆಯ ಮೇಲೆ ಬೆಳೆದ ಗಿಡದ ಬೇರು ವರ್ಷಕ್ಕೊಮ್ಮೆ ತೆಗೆಸಿದರೂ ಸಾಕು. ಕೆರೆಯ ಹೂಳು ತೆಗೆಸಲಿ. ಮೂರು ಸುತ್ತಿನ ಕೋಟೆ ಎಲ್ಲೆಲ್ಲಿ ಹಾದುಹೋಗಿತ್ತು ಎಂದು ಒಂದು ನಕ್ಷೆ ಹಾಕಲಿ. ಕಲ್ಲಿನ ಮಂಚದ ಹತ್ತಿರ ಒಂದು ಬೋರ್ಡ್, ನೆಟ್ಟಗಿನ ಕನ್ನಡದಲ್ಲಿ. ಇಷ್ಟಕ್ಕೆ ಕೋಟಿ ಬೇಕಾಗುವುದಿಲ್ಲ.

ಸಹಸ್ರಲಿಂಗ ಮತ್ತು ಸೋಂದೆ ಒಂದೇ ದಿನ ಆಗುತ್ತದಾ?

ಆಗುತ್ತದೆ. ದಾರಿ ಒಂದೇ. ಸಹಸ್ರಲಿಂಗದಲ್ಲಿ ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿಸಿದ್ದು ಸೋಂದೆಯ ಸದಾಶಿವರಾಯನೇ ಎನ್ನುತ್ತಾರೆ. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಲಿಂಗ ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಹೊಳೆಗೆ ಇಳಿಯಲೇಬೇಡಿ.

ಮಕ್ಕಳಿಗೆ ಬೇಜಾರಾಗುತ್ತದೆ. ಅವರಿಗೆ ಏನು ತೋರಿಸೋದು?

ಮೊದಲು ತೋಪು. ಮಕ್ಕಳು ಅದನ್ನು ಬಿಟ್ಟು ಬರುವುದೇ ಇಲ್ಲ. ಆಮೇಲೆ ಮಂಚದ ಸುತ್ತ ಹೆಜ್ಜೆ ಹಾಕಿ ಅಳೆಯಲು ಹೇಳಿ. ಮಳೆಗಾಲವಾದರೆ ಮುಂಡಿಗೆಕೆರೆಗೆ ಕರೆದುಕೊಂಡು ಹೋಗಿ. ಕೆರೆಯಲ್ಲಿ ಮುಂಡಿಗೆ ಗಿಡದ ಹಿಂಡು, ಅದರ ಮೇಲೆ ಬೆಳ್ಳಕ್ಕಿ ಗೂಡು. ದೂರದಿಂದ ನೋಡಿದರೆ ಗಿಡಕ್ಕೆ ಹತ್ತಿ ಬಿಟ್ಟ ಹಾಗೆ. ಹತ್ತಿರ ಹೋದರೆ ಮರಿಗಳ ಗಲಾಟೆ, ವಾಸನೆ ಎರಡೂ ಜೋರು. ಮೆಲ್ಲಗೆ ಮಾತಾಡಿ. ಉಂಬಳ (ಜಿಗಣೆ) ಹತ್ತುತ್ತದೆ, ಸುಣ್ಣವೋ ಉಪ್ಪೋ ಪೊಟ್ಟಣ ಕಟ್ಟಿ ಕಿಸೆಯಲ್ಲಿ ಇಟ್ಟುಕೊಂಡಿರಿ. ಮತ್ತೆ ಛತ್ರಿ ಕಾರಿನಲ್ಲೇ ಬಿಟ್ಟು ಇಳಿಯಬೇಡಿ. ಬಿಸಿಲಿದೆ ಅಂತ ಹಾಗೆ ಮಾಡಿ ಹೋದ ಸಲ ಒಂಬತ್ತು ಜನ ಒದ್ದೆಯಾಗಿ ನಮ್ಮ ಮನೆಗೆ ಬಂದಿದ್ದರು, ಒಣಗಿಸಲು ಅಡಕೆ ಒಲೆಯೇ ಹಚ್ಚಬೇಕಾಯ್ತು.